ಐದು ಬಾಟಲಿ ಕೆಂಪು ವೈನು ಮತ್ತು ನನ್ನ ಮೂಗು

ಹಣ್ಣಿನ ಗಾಡಿಯ ಮುಂದೆ ನಿಂತ ಗಿರಾಕಿಗಳಲ್ಲಿ ಎರಡು ಪಂಗಡ. ಮಾವಿನ ಹಣ್ಣಿನ ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ ಕೊಳ್ಳುವವರು ಒಂದು, ಹೆಬ್ಬೆರಳಲ್ಲಿ ಒತ್ತಿ ನೋಡಿ ಕೊಳ್ಳುವವರು ಇನ್ನೊಂದು. ಒತ್ತುವವರನ್ನು ಗಾಡಿಯವರು ಬೈಯುತ್ತಾರೆ, ಮೂಸುವವರನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ನಾನು ಹುಟ್ಟಾ ಮೂಸುವ ಪಂಗಡದವನು. ಹಣ್ಣೊಂದೇ ಅಲ್ಲ. ಹೊಸ ಟವೆಲ್ಲು, ಮದುವೆಯ ಕರೆಯೋಲೆ, ಅಂಗಡಿಯವನು ಚೀಲಕ್ಕೆ ಸುರಿಯುವ ಮೊದಲು ಹಿಡಿದು ನೋಡುವ ಒಂದು ಮುಷ್ಟಿ ಅಕ್ಕಿ, ಎಲ್ಲವೂ ನನ್ನ ಮೂಗಿನ ಕೆಳಗೆ ಹಾದುಕೊಂಡೇ ಮುಂದೆ ಹೋಗಬೇಕು. ಆ ಚಾಳಿ ನನಗೆ ಇವತ್ತಿಗೂ ಬಿಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದ ದುರ್ಗಿಗುಡಿಯ ತಿರುವಿನಲ್ಲಿ ಹೀಗೇ ಒಂದು ರಸಪುರಿಯನ್ನು ಮೂಗಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ತಲೆ ಆಡಿಸಿದೆ. ಗಾಡಿಯವನು, "ಅಸಲಿ ಮಾಲು ಸಾರ್, ಹೆಂಗಿದೆ?" ಎಂದ.

"ಪರವಾಗಿಲ್ಲ ಕಣಪ್ಪ. ನಾಳೆ ಹೊತ್ತಿಗೆ ಸರಿಯಾಗತ್ತೆ" ಎಂದು ಎರಡು ಕಿಲೋ ತೂಗಿಸಿದೆ.

ಹೊಸಮನೆ ಬಡಾವಣೆಯ ನಮ್ಮ ಮನೆಗೆ ತಂದು ನನ್ನ ಹೆಂಡತಿ ನಾಗರತ್ನ ಹೆಚ್ಚಲು ಕೂತರೆ ಮೂರು ಹಣ್ಣು ಒಳಗೆ ಪೂರಾ ಕೊಳೆತಿದ್ದವು. "ಮೂಸಿ ತರ್ಲಿಲ್ವೇನ್ರೀ?" ಎಂದಳು. "ಮೂಸಿದೆ ಮಾರಾಯ್ತಿ" ಎಂದೆ. ಸುಳ್ಳಲ್ಲ. ಮೂಸಿದ್ದು ನಿಜವೇ. ಮೂಗಿಗೆ ಏನೂ ಬರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದೇನು. ನನಗೆ ನಾಲ್ಕು ವರ್ಷಕ್ಕೂ ಮೇಲಾಯಿತು, ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಕೊರೊನಾ ಎರಡನೇ ಸಲ ಬಂದಾಗ ನಾವು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಲಗಿದೆವು. ಇಬ್ಬರ ಮೂಗೂ ಒಂದೇ ದಿನ ಬಾಗಿಲು ಹಾಕಿಕೊಂಡಿತು. ಮೂರು ವಾರ ಕಳೆದು ಒಂದು ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕಾಫಿಪುಡಿಯ ಡಬ್ಬಿ ಹಿಡಿದುಕೊಂಡೇ ಓಡಿ ಬಂದು, "ರೀ, ಬಂತು ಕಣ್ರೀ. ನಿಮಗೂ ಬಂತಾ ನೋಡಿ" ಎಂದು ಡಬ್ಬಿಯನ್ನು ನನ್ನ ಮುಖಕ್ಕೆ ಹಿಡಿದಳು. ಅವಳ ಮುಖ ಎಷ್ಟು ಅರಳಿತ್ತೆಂದರೆ, ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಓಹೋ, ಬಂತು" ಎಂದೆ. ನಾಳೆಯೋ ನಾಡಿದ್ದೋ ಬಂದೇ ಬರುತ್ತದಲ್ಲ, ನಾಲ್ಕು ದಿನ ಮೊದಲೇ ಹೇಳಿದರೆ ಯಾರಿಗೇನು ನಷ್ಟ ಎಂದುಕೊಂಡೆ. ಆ ನಾಡಿದ್ದು ಇನ್ನೂ ಬಂದಿಲ್ಲ. ಅಂಥ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಪಂಚಾಂಗದಲ್ಲಿ ಒಂದು ಒಳ್ಳೆಯ ದಿನ ಅಂತ ಇರುವುದಿಲ್ಲ. ವಾರ ಕಳೆದರೆ ಕಷ್ಟ, ವರ್ಷ ಕಳೆದರೆ ಅಸಾಧ್ಯ.

ಗುಟ್ಟಾಗಿ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಒಳ್ಳೆಯವರು. ದಿನಕ್ಕೆ ಎರಡು ಹೊತ್ತು ನಾಲ್ಕು ಬಗೆಯ ವಾಸನೆಗಳನ್ನು ಮೂಸಿ ಅಭ್ಯಾಸ ಮಾಡಿ ಎಂದರು. ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಅತ್ತರು. ಇವನ್ನೆಲ್ಲ ಎಲ್ಲಿ ಕೂತು ಮೂಸಲಿ? ಒಂದು ಹಳೆಯ ಶೇವಿಂಗ್ ಡಬ್ಬಿಯಲ್ಲಿ ತುಂಬಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಎರಡು ಹೊತ್ತು ಕಾಲು ಕಾಲು ಗಂಟೆ. ನಾಗರತ್ನ ಇದನ್ನು ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡು, ನಾನು ಕೇಳದೆಯೇ ಪ್ರತಿ ಊಟದ ನಂತರ ಒಂದು ಲೋಟ ನೀರಿಗೆ ಇಸಬಗೋಲು ಕದಡಿ ತಂದಿಡತೊಡಗಿದಳು. ಒಂದೂವರೆ ವರ್ಷ ಕುಡಿದೆ. ನೀಲಗಿರಿ ಎಣ್ಣೆಯಿಂದ ಮೂಗಿನೊಳಗೆ ತಣ್ಣಗಾಗುತ್ತಿತ್ತು, ಅಷ್ಟೆ. ಕೊನೆಗೆ ಡಾಕ್ಟರು, "ಇಷ್ಟು ದಿನ ಆದ್ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ ಮಂಜಪ್ಪನೋರೆ" ಎಂದರು. ಆಸೆ ಇಟ್ಟುಕೊಳ್ಳಬಾರದು ಎಂದು ಯಾರಾದರೂ ಹೇಳಿದ ಮೇಲೆಯೇ ಅದು ಎಷ್ಟಿತ್ತು ಎಂದು ತಿಳಿಯುವುದು.

ಮೂಗು ಹೋದರೆ ಏನು ಮಹಾ ಎನ್ನುತ್ತೀರಿ. ಕಣ್ಣಲ್ಲ, ಕಿವಿಯಲ್ಲ, ನಿಜ. ಕೋಲು ಹಿಡಿಯಬೇಕಿಲ್ಲ, ರಸ್ತೆ ದಾಟಲು ಯಾರೂ ಕೈ ಹಿಡಿಯಬೇಕಿಲ್ಲ. ಆದರೆ ಸಾರು, ಹುಳಿ, ಗೊಜ್ಜು ಮೂರೂ ಒಂದೇ ಬಿಸಿನೀರಾಗುತ್ತವೆ. ಉಪ್ಪು, ಹುಳಿ, ಖಾರ ನಾಲಗೆಗೆ ತಗಲುತ್ತದೆ, ಅದರಾಚೆ ಗೋಡೆ. ಮೈ ಬೆವರಿದೆಯೋ ಇಲ್ಲವೋ ತಿಳಿಯದೆ ದಿನಕ್ಕೆರಡು ಸ್ನಾನ ಮಾಡುತ್ತೇನೆ. ಮಲಗುವ ಮುಂಚೆ ಗ್ಯಾಸಿನ ಗುಬುಟನ್ನು ಮೂರು ಸಲ ಮುಟ್ಟಿ ನೋಡುತ್ತೇನೆ. ಮತ್ತೆ ಊಟಕ್ಕೆ ಕೂತಾಗಲೆಲ್ಲ, "ಘಮ್ ಅಂತಿದೆ ಕಣೆ" ಎಂದು ಹೇಳುತ್ತೇನೆ.

ಇದೆಲ್ಲ ಬೇರೆ ಯಾರಿಗಾದರೂ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ನನ್ನ ಹತ್ತಿರ ಬಡಾಯಿ ಕೊಚ್ಚಿಕೊಳ್ಳಲು ಇದ್ದ ಆಸ್ತಿ ಅಂದರೆ ಮೂಗೊಂದೇ. ಓದಿನಲ್ಲಿ ಸಾಧಾರಣ, ಆಟದಲ್ಲಿ ಅದಕ್ಕೂ ಕಡಿಮೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಹದಿನಾಲ್ಕು ಮನೆ. ತಮಿಳರು, ತೆಲುಗರು, ನಮ್ಮವರು ಎಲ್ಲ ಕಲಸಿ ಇದ್ದೆವು. ಹುಡುಗರು ನನ್ನ ಕಣ್ಣಿಗೆ ಟವೆಲ್ಲು ಕಟ್ಟಿ, ಹತ್ತು ಸುತ್ತು ತಿರುಗಿಸಿ, ಸಾಲಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ನಾನು ಬಾಗಿಲು ಬಾಗಿಲಿಗೂ ನಿಂತು ಯಾರ ಮನೆ ಎಂದು ಹೇಳಬೇಕು. ಗೋಂಗೂರ ಸೊಪ್ಪು ಬಾಡಿಸುತ್ತಿದ್ದರೆ ಸುಬ್ಬಾರೆಡ್ಡಿಯವರದ್ದು, ಸೀಗೇಪುಡಿ ಮತ್ತು ಹೊಂಗೆಣ್ಣೆ ಅಂದರೆ ಪಾಟೀಮ್ಮನದ್ದು, ಬರೀ ಅಮೃತಾಂಜನ ಅಂದರೆ ಮೇಷ್ಟ್ರದ್ದು. ಒಂದು ಮನೆಗೆ ಒಂದು ನೆಲ್ಲಿಕಾಯಿ ಬಾಜಿ. ಸೋತಿದ್ದು ನೆನಪಿಲ್ಲ.

ಅಜ್ಜಿಯಂತೂ ಉಪ್ಪಿನಕಾಯಿ ಭರಣಿಗಳ ಮುಂದೆ ನನ್ನನ್ನು ಕೂರಿಸಿ ಯಾವುದಕ್ಕೆ ಬೂಷ್ಟು ಹಿಡಿಯುತ್ತಿದೆ ಎಂದು ಕೇಳುತ್ತಿದ್ದಳು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚದೆಯೇ ಹೇಳುತ್ತಿದ್ದೆ. ಈ ವಿದ್ಯೆಗೆ ಬಿದ್ದ ಏಟೂ ಇದೆ. ಒಂದು ಹಬ್ಬದ ದಿನ ಸೋದರಮಾವ ಬಂದು ಎಲ್ಲರ ಮುಂದೆ ದೇಶದ ಭವಿಷ್ಯ ಮಾತಾಡುತ್ತಿದ್ದಾಗ, ನಾನು ಅವನ ತೊಡೆಯ ಮೇಲೆ ಕೂತು, "ಮಾವ, ನಿನ್ನ ಬಾಯಲ್ಲಿ ಸ್ಟವ್ ಹಚ್ಚೋ ಸ್ಪಿರಿಟ್ ವಾಸನೆ" ಎಂದೆ. ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ಮಾವ ಎರಡು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಮನೆಗೆ ಬರುವ ನೆಂಟರೆಲ್ಲ ಅಲ್ಲಿಂದ ಮುಂದೆ ನನ್ನನ್ನು ದೂರದಿಂದಲೇ ಮುದ್ದಿಸುತ್ತಿದ್ದರು.

ದೊಡ್ಡವನಾದ ಮೇಲೆ ಭದ್ರಾವತಿಯಲ್ಲೇ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆದೆ. ಅಲ್ಲಿಯೂ ಅನ್ನ ಹಾಕಿದ್ದು ಈ ಮೂಗೇ. ಕಾಗದದ ತಿರುಳಿಗಾಗಿ ಬೇಯುವ ಬಿದಿರಿನ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಇನ್ನು ಇಪ್ಪತ್ತು ನಿಮಿಷ ಬೇಯಬೇಕು ಎನ್ನುತ್ತಿದ್ದೆ. ಆಮೇಲೆ ಲೆಕ್ಕ ಕಟ್ಟಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ಇರುತ್ತಿತ್ತು. ಎಲ್ಲರೂ ನನ್ನನ್ನು ಮೂಗಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ. ಕೊನೆಗೆ ಕಾರ್ಖಾನೆ ನಿಂತಿತು. ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದೆವು.

ಆ ಲ್ಯಾಬಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಒಂದೇ ಸ್ಯಾಂಪಲನ್ನು ನಾಲ್ಕು ಜನ ನೋಡುವಾಗ ಯಾರೂ ಬಾಯಿ ಬಿಡುವಂತಿಲ್ಲ, ಮುಖದ ಮೇಲೂ ಏನನ್ನೂ ತೋರಿಸುವಂತಿಲ್ಲ. ಅವರವರ ಅಂಕಿಯನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಬೋರಲು ಹಾಕಬೇಕು. ಎಲ್ಲರೂ ಹಾಕಿದ ಮೇಲೆ ಒಬ್ಬ ಎತ್ತಿ ಓದುತ್ತಾನೆ. ಹಿರಿಯನ ಅಂಕಿಯನ್ನು ಕಿರಿಯರು ನಕಲು ಹೊಡೆಯಬಾರದೆಂದು ಯಾವ ಕಾಲದಲ್ಲೋ ಯಾರೋ ಮಾಡಿದ ಕಟ್ಟಳೆ. ನಮಗೆ ಅದು ಎಷ್ಟು ಮೈಗೆ ಹತ್ತಿತ್ತೆಂದರೆ, ಕ್ಯಾಂಟೀನಿನ ಸಾಂಬಾರಿಗೆ ಉಪ್ಪು ಸಾಕೋ ಬೇಕೋ ಎನ್ನುವುದನ್ನೂ ಚೀಟಿಯಲ್ಲಿ ಬರೆದು ಬೋರಲು ಹಾಕುತ್ತಿದ್ದೆವು.

ಈಗ ವೈನಿನ ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜು ಅರುಳ್‌ದು. ತಾತನ ಕಾಲದಲ್ಲಿ ಸೇಲಂ ಕಡೆಯಿಂದ ಬಂದು ಭದ್ರಾವತಿಯವರೇ ಆಗಿಹೋದ ಕುಟುಂಬ, ಈಗಲೂ ಅಲ್ಲೇ ಇದ್ದಾನೆ. ಅವನ ತಮ್ಮ ಸೆಲ್ವ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ರಜೆಗೆ ಬರುವಾಗಲೆಲ್ಲ ಒಂದೊಂದು ದೇಶದ ಒಂದೊಂದು ಬಾಟಲಿ ಕೆಂಪು ವೈನ್ ತರುತ್ತಿದ್ದ. ಕುಡಿಯಲು ಬಿಡುತ್ತಿರಲಿಲ್ಲ. "ಇದು ಮಲಗಿದಷ್ಟೂ ಚೆನ್ನಾಗಾಗೋ ಸಾಮಾನು, ಎಬ್ಬಿಸಬೇಡಿ" ಎಂದು ಲುಂಗಿಯಲ್ಲಿ ಸುತ್ತಿ ಬೀರುವಿನ ತಳದಲ್ಲಿ ಅಡ್ಡಡ್ಡ ಇಡುತ್ತಿದ್ದ. ಬಾಟಲಿಗಳನ್ನು ಎಬ್ಬಿಸುವ ಮೊದಲು ಅವನೇ ಮಲಗಿಬಿಟ್ಟ. ಅವನು ತೀರಿಕೊಂಡು ವರ್ಷ ತುಂಬುವ ದಿನ, ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಕಾರ್ಖಾನೆಯ ಹಳಬರೆಲ್ಲ ಸೇರಿ ಬಾಟಲಿಗಳನ್ನು ತೆಗೆಯೋಣ ಎಂದು ಅರುಳ್ ಫೋನ್ ಮಾಡಿದ. ಐದು ಬಾಟಲಿ. ಫ್ರಾನ್ಸಿನ ಬೋರ್ಡೋದ್ದು, ಸ್ಪೇನಿನದು, ಇಟಲಿಯದು, ದಕ್ಷಿಣ ಆಫ್ರಿಕದ್ದು, ಮತ್ತೆ ನಮ್ಮದೇ ನಾಸಿಕ್‌ದು. ಎಲ್ಲವೂ ಹತ್ತರಿಂದ ಹದಿನೆಂಟು ವರ್ಷ ಹಳೆಯವು, ಬೋರ್ಡೋದ್ದೇ ಎಲ್ಲಕ್ಕಿಂತ ಹಳೆಯದು.

"ನೀವು ಬರ್ಲೇಬೇಕು ಮಂಜಣ್ಣ. ಮೂಗಿಲ್ದೆ ನಾವೇನ್ ಮಾಡೋಣ" ಎಂದ.

ಹೋಗಬಾರದಿತ್ತು. ಆದರೆ ಹಳೆಯ ವೈನಿನಲ್ಲಿ ನೂರಾರು ಬಗೆಯ ವಾಸನೆ ಇರುತ್ತದೆ ಎಂದು ಎಲ್ಲೋ ಓದಿದ್ದೆ. ಲವಂಗ, ನಿಂಬೆಸಿಪ್ಪೆಗೆ ಏಳದ ಮೂಗು ಇದಕ್ಕಾದರೂ ಏಳಬಹುದು, ನೂರರಲ್ಲಿ ಒಂದಾದರೂ ಒಳಗೆ ನುಗ್ಗಬಹುದು. ಡಾಕ್ಟರು ಬೇಡ ಎಂದಿದ್ದ ಆಸೆಯನ್ನೇ ಮತ್ತೆ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಇದೇ ಕೊನೆ ಎಂದು ನನಗೆ ನಾನೇ ಕರಾರು ಹಾಕಿಕೊಂಡಿದ್ದೆ. ಇವತ್ತು ಬರದಿದ್ದರೆ ಇನ್ನು ಬರುವುದಿಲ್ಲ.

ಅರುಳ್ ಮನೆಯಲ್ಲಿ ನನಗಿಂತ ಮುಂಚೆ ಇಬ್ಬರು ಬಂದು ಕೂತಿದ್ದರು. ಒಬ್ಬ ಪುಟ್ಟಸ್ವಾಮಿ, ಕಾಗದದ ಮಷಿನ್ನಿನ ಮೇಲೆ ಫೋರ್‌ಮನ್ ಆಗಿದ್ದವನು. ಮಷಿನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ, ಈಗಲೂ ಪಕ್ಕದಲ್ಲಿರುವವರ ಜೊತೆ ಫರ್ಲಾಂಗು ದೂರಕ್ಕೆ ಕೇಳುವ ಹಾಗೆ ಮಾತಾಡುತ್ತಾನೆ. ಇನ್ನೊಬ್ಬರು ವಿದ್ಯಾನಗರದ ಚನ್ನಬಸಪ್ಪನವರು, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಅವರ ಮನೆಯಲ್ಲಿ ಏಳು ತಲೆಮಾರಿನಿಂದ ಯಾರೂ ಹೆಂಡ ಮುಟ್ಟಿಲ್ಲ. "ನಾನು ಕುಡಿಯಲ್ಲಪ್ಪ. ಬರೀ ಮೂಸ್ತೀನಿ. ಮೂಸೋದಕ್ಕೆ ದೋಷ ಇಲ್ಲ, ನಮ್ಮ ಸ್ವಾಮಿಗಳನ್ನೇ ಕೇಳಿದೀನಿ" ಎಂದರು. ಸ್ವಾಮಿಗಳನ್ನು ಯಾವ ಮಾತಿನಲ್ಲಿ ಕೇಳಿದರು ಎಂದು ಪುಟ್ಟಸ್ವಾಮಿ ವಿಚಾರಿಸಿದ. ಚನ್ನಬಸಪ್ಪನವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಗ್ಲಾಸುಗಳ ಬದಲು ಮೇಜಿನ ಮೇಲೆ ನಾಲ್ಕು ಕೋನಿಕಲ್ ಫ್ಲಾಸ್ಕು ಇದ್ದವು, ತಳ ಅಗಲ, ಕುತ್ತಿಗೆ ಸಣ್ಣ, ಲ್ಯಾಬಿನಲ್ಲಿ ಬಳಸುವಂಥವು. ಅರುಳ್ ಗುಜರಿಯಲ್ಲಿ ಕೊಂಡು ಇಟ್ಟುಕೊಂಡಿದ್ದ. ವೈನ್ ಕುಡಿಯುವವರು ಗ್ಲಾಸನ್ನು ಗಿರಗಿರನೆ ಆಡಿಸಿ ವಾಸನೆ ಎಬ್ಬಿಸುತ್ತಾರಂತೆ, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕಂತೆ. ನನಗೂ ಅರುಳ್‌ಗೂ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಮೂರು ದಶಕ ಅದೇ ಫ್ಲಾಸ್ಕನ್ನು ಅದೇ ಮಣಿಕಟ್ಟಿನಲ್ಲಿ ಆಡಿಸಿದ್ದೆವು. ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ ಒಂದರಿಂದ ಐದರವರೆಗೆ ನಂಬರ್ ಬರೆದಿತ್ತು. ಚೀಟಿ, ಪೆನ್ಸಿಲ್ಲು ತಯಾರಿದ್ದವು. ಬೂಚು ತೆಗೆಯುವ ಸಾಧನ ಇರಲಿಲ್ಲ. ಒಂದು ಉದ್ದ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದದ್ದಾಯಿತು.

ಒಂದನೇ ನಂಬರನ್ನು ಮೂಗಿಗೆ ಹಿಡಿದೆ. ಉಸಿರು ಎಳೆದೆ. ತಣ್ಣನೆಯ ಗಾಳಿ. ಇನ್ನೊಮ್ಮೆ ಎಳೆದೆ. ಗಾಳಿಯೇ. ಬಾಯಿಗೆ ಹಾಕಿಕೊಂಡರೆ ನಾಲಗೆ ತನ್ನ ಪಾಲಿನದನ್ನು ಪ್ರಾಮಾಣಿಕವಾಗಿ ಹೇಳಿತು: ಹುಳಿ, ಸ್ವಲ್ಪ ಒಗರು. ಆ ಎರಡರ ಮೇಲೆ ಅಂದಾಜಿನಲ್ಲಿ ಗೋಪುರ ಕಟ್ಟಿದೆ. "ನೇರಳೆ, ಬೆಲ್ಲ, ಕೊನೆಗೆ ಒಂದಿಷ್ಟು ಹೊಗೆ" ಎಂದು ಬರೆದೆ. ಚೀಟಿ ಓದಿದಾಗ ಪುಟ್ಟಸ್ವಾಮಿ, "ಹೊಗೆ ಹೌದು ನೋಡು, ನಾನು ಬರೆಯೋದ್ ಮರ್ತೆ" ಎಂದ. ಅದು ನಾಸಿಕ್‌ದು. ಎರಡನೆಯದು ಸ್ಪೇನಿನದು, ಒಗರು ಹೆಚ್ಚಿತ್ತು, ಅದಕ್ಕೆ "ಹಳೇ ಮರದ ಪೆಟ್ಟಿಗೆ, ಒಣದ್ರಾಕ್ಷಿ" ಎಂದು ಬರೆದೆ. ಎಲ್ಲರೂ ತಲೆದೂಗಿದರು. ಸುಳ್ಳು ಇಷ್ಟು ಸಲೀಸಾಗಿ ನಡೆಯುವುದು ಕಂಡು ನಗು ಬರಬೇಕಿತ್ತು. ಬರಲಿಲ್ಲ. ಇನ್ನು ಮೂರೇ ಬಾಟಲಿ ಉಳಿದಿದ್ದವು.

ಮೂರನೆಯದರ ಬೂಚು ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ಒಳಕ್ಕೆ ತಳ್ಳಿ, ಚಹಾ ಜರಡಿಯಲ್ಲಿ ಸೋಸಿ ಫ್ಲಾಸ್ಕುಗಳಿಗೆ ಸುರಿದ ಅರುಳ್. ಎಲ್ಲರೂ ಆಡಿಸಿ ಮೂಗಿಗೆ ಹಿಡಿದರು. ನನಗೆ ಮತ್ತೆ ಅದೇ ಗಾಳಿ. ಆದರೆ ಈ ಸಲ ಉಳಿದವರ ಮುಖ ನೋಡಿದೆ. ಕಟ್ಟಳೆ ಪ್ರಕಾರ ಯಾರೂ ಏನೂ ತೋರಿಸಬಾರದು, ಆದರೂ ಚನ್ನಬಸಪ್ಪನವರು ಒಮ್ಮೆ ಮೂಸಿದವರು ಫ್ಲಾಸ್ಕನ್ನು ಇಳಿಸದೆ ಮತ್ತೆ ಮತ್ತೆ ಮೂಸುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಪುಟ್ಟಸ್ವಾಮಿ ಜೋರು ಮಾತಿನವನು, ಫ್ಲಾಸ್ಕಿನ ಬಾಯಿಗೆ ಮೂಗು ತುರುಕಿಕೊಂಡು ಸುಮ್ಮನೆ ಕೂತಿದ್ದ. ಆಹಾ, ಇದೇ ಆ ಹದಿನೆಂಟು ವರ್ಷದ ಬೋರ್ಡೋ ಎಂದು ನಿಶ್ಚಯಿಸಿದೆ. ಇಷ್ಟು ಜನರ ಬಾಯಿ ಕಟ್ಟಿಸಬೇಕಾದರೆ ಅದೆಂಥ ಸುವಾಸನೆ ಇರಬೇಕು. ಪೆನ್ಸಿಲ್ಲಿಗೆ ಧೈರ್ಯ ಬಂತು. "ಮಾಗಿದ ಹಣ್ಣು, ಗುಲಾಬಿ, ಏಲಕ್ಕಿ. ನನ್ನ ಜೀವಮಾನದಲ್ಲೇ ಇಷ್ಟು ಒಳ್ಳೆಯದನ್ನು ಮೂಸಿಲ್ಲ" ಎಂದು ಬರೆದು ಬೋರಲು ಹಾಕಿದೆ.

ಅರುಳ್ ಚೀಟಿ ಎತ್ತಿ ಓದತೊಡಗಿದ. ಪುಟ್ಟಸ್ವಾಮಿಯದು: "ನಮ್ಮ ಎರಡನೇ ಗೋಡೌನು." ಚನ್ನಬಸಪ್ಪನವರದು: "ಒದ್ದೆ ರಟ್ಟು. ಮುಗ್ಗಲು ಹಿಡಿದ ಕಾಗದದ ರೀಲು. ಗೋಡೌನ್ ಬಾಗಿಲು ತೆಗೆದ ಹಾಗೆ." ತನ್ನದು: "ನೆನೆದ ಕಾಗದ."

ನಾಲ್ಕನೆಯದು ನನ್ನದು. ಅರುಳ್ ಅದನ್ನು ಎತ್ತಿದ, ನೋಡಿದ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಏನೂ ಆಗದವನ ಹಾಗೆ ಓದಿದ: "ಒದ್ದೆ ರಟ್ಟು. ಗೋಡೌನು." ಓದಿ ಚೀಟಿಯನ್ನು ಮಡಿಸಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

"ನಾಲ್ಕಕ್ಕೆ ನಾಲ್ಕು ಒಂದೇ" ಎಂದು ಪುಟ್ಟಸ್ವಾಮಿ ಮೇಜು ಕುಟ್ಟಿದ. "ಮೂಗಪ್ಪ ಅಂದ್ಮೇಲೆ ಕೇಳ್ಬೇಕಾ ಮಾರಾಯ."

ಅರುಳ್ ವಿವರಿಸಿದ. ಬೂಚಿಗೆ ಒಂದು ಬಗೆಯ ಬೂಷ್ಟು ಹಿಡಿದರೆ ಒಳಗಿನ ವೈನಿಗೆಲ್ಲ ಒದ್ದೆ ರಟ್ಟಿನ ವಾಸನೆ ಬರುತ್ತದಂತೆ. ಹಡಗಿನಲ್ಲಿ ಅಂಥ ಬಾಟಲಿಯನ್ನು ಗಿರಾಕಿಗಳು ಮೂಸಿದ ಕೂಡಲೇ ವಾಪಸ್ ಕಳಿಸುತ್ತಿದ್ದರು ಎಂದು ಸೆಲ್ವ ಹೇಳುತ್ತಿದ್ದನಂತೆ. ಬೋರ್ಡೋದ ಅಷ್ಟು ಹಳೆಯ ಬಾಟಲಿ ಪೂರಾ ಕೆಟ್ಟುಹೋಗಿತ್ತು. ಬೇರೆ ಎಲ್ಲೇ ಆಗಿದ್ದರೂ ಚರಂಡಿಗೆ ಸುರಿಯುತ್ತಿದ್ದರು.

ಇಲ್ಲಿ ಯಾರೂ ಸುರಿಯಲಿಲ್ಲ. ಆಮೇಲೆ ಒಂದು ಗಂಟೆ ಹೊತ್ತು ಆ ಮನೆಯಲ್ಲಿ ನಡೆದದ್ದನ್ನು ನಾನು ಹೇಗೆ ಹೇಳಲಿ. ಯಾರೂ ಒಂದು ಗುಟುಕು ಕುಡಿಯಲಿಲ್ಲ. ಫ್ಲಾಸ್ಕುಗಳನ್ನು ಮೂಗಿಗೆ ಹಿಡಿದುಕೊಂಡು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಪುಟ್ಟಸ್ವಾಮಿಗೆ ಮೊದಲ ದಿನದ ಡ್ಯೂಟಿ ನೆನಪಾಯಿತು, ರೀಲುಗಳ ಹಿಂದೆ ನಿದ್ದೆ ಹೋಗಿ ಸಿಕ್ಕಿಬಿದ್ದದ್ದು. ಚನ್ನಬಸಪ್ಪನವರಿಗೆ ಗೋಡೌನಿನಲ್ಲಿ ಮರಿ ಹಾಕಿದ ಬೆಕ್ಕು, ಅದಕ್ಕೆ ಅವರು ಸ್ಟೋರ್ಸಿನ ಪುಸ್ತಕದಲ್ಲಿ ಕೊಟ್ಟಿದ್ದ ನಂಬರ್ರು. "ಮೂಸಿ ನೋಡು, ಇಲ್ಲೇ ಇದೆ. ಬಾಗಿಲ ಹತ್ರ ಗೋಂದಿನ ಡ್ರಮ್ಮು ಇರ್ತಿತ್ತಲ್ಲ, ಅದೂ ಇದೆ" ಎಂದರು. ಕಾರ್ಖಾನೆ ನಿಂತ ದಿನ ಗೇಟಿನ ಹತ್ತಿರ ಎಲ್ಲರೂ ಅಳುವಾಗ ಬೀಡಿ ಸೇದಿಕೊಂಡು ನಿಂತಿದ್ದವನು ಪುಟ್ಟಸ್ವಾಮಿ. ಅವನು ಈಗ ಫ್ಲಾಸ್ಕು ಕೆಳಗಿಟ್ಟು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. "ಹೋಗೇಬಿಡ್ತು ಅಂದ್ಕೊಂಡಿದ್ದೆ ಕಣಯ್ಯ" ಎಂದ, ಅವನ ದನಿಗೆ ಹೊಂದದಷ್ಟು ಮೆಲ್ಲಗೆ.

ಆ ವಾಸನೆ ಹಿಡಿದು ಎಲ್ಲರೂ ಕಾರ್ಖಾನೆಯ ಒಳಗೆ ಹೋಗಿದ್ದರು. ನಾನೊಬ್ಬ ಗೇಟಿನ ಹೊರಗೆ. ಪಾಸು ಇಲ್ಲದವನನ್ನು ಸೆಕ್ಯೂರಿಟಿಯವನು ನಿಲ್ಲಿಸುವ ಹಾಗೆ ನನ್ನ ಮೂಗು ನನ್ನನ್ನು ನಿಲ್ಲಿಸಿತ್ತು. ಮೂವತ್ತೊಂದು ವರ್ಷ ಆ ಗಾಳಿಯನ್ನೇ ಉಸಿರಾಡಿದವನು ನಾನು. ಫ್ಲಾಸ್ಕನ್ನು ಎತ್ತಿ ಎತ್ತಿ ಮೂಸಿದೆ, ಕಣ್ಣು ಮುಚ್ಚಿ ಮೂಸಿದೆ, ತಲೆ ಸುತ್ತುವಷ್ಟು ಎಳೆದೆ. ಏನೂ ಇಲ್ಲ. "ಅಲ್ವಾ ಮಂಜಣ್ಣ?" ಎಂದು ಅವರು ಕೇಳಿದಾಗಲೆಲ್ಲ "ಹೌದು, ಅದೇ" ಎಂದೆ. ಅಷ್ಟು ಒಂಟಿಯಾಗಿ ನಾನು ಯಾವ ಸಾವಿನ ಮನೆಯಲ್ಲೂ ಕೂತಿರಲಿಲ್ಲ. ಇನ್ನೆರಡು ಬಾಟಲಿ, ಇಟಲಿಯದು ಮತ್ತು ಆಫ್ರಿಕದ್ದು, ಚೆನ್ನಾಗೇ ಇದ್ದವಂತೆ. ಯಾರಿಗೂ ಅವುಗಳ ಮೇಲೆ ಮನಸ್ಸಿರಲಿಲ್ಲ. ಚೀಟಿಯಲ್ಲಿ ನಾನು ಏನು ಬರೆದೆನೋ ನೆನಪಿಲ್ಲ.

ಹೊರಟಾಗ ಅರುಳ್ ಬಸ್‌ಸ್ಟಾಪಿನವರೆಗೆ ಬಂದ. ಬೀದಿ ತಿರುಗಿದ ಮೇಲೆ, "ಯಾವಾಗಿಂದ?" ಎಂದ.

"ಕೊರೊನಾದಲ್ಲಿ ಹೋಯ್ತು."

"ನಾಗರತ್ನಮ್ಮಂಗೆ ಗೊತ್ತಾ?"

"ಇಲ್ಲ."

"ಡಾಕ್ಟ್ರು?"

"ಇನ್ನು ಬರಲ್ಲ ಅಂತಾರೆ."

ಅವನು ಜೇಬಿನಿಂದ ನನ್ನ ಚೀಟಿ ತೆಗೆದು ಕೈಗಿಟ್ಟ. "ಮೂವತ್ತು ವರ್ಷ ಲ್ಯಾಬಲ್ಲಿ ಒಂದು ಅಂಕಿ ತಿದ್ದಿಲ್ಲ ನಾನು. ಇವತ್ತು ನಿಮಗೋಸ್ಕರ ತಿದ್ದಿದೀನಿ ಮಂಜಣ್ಣ. ಇನ್ನೊಂದ್ಸಲ ತಿದ್ದಕ್ಕೆ ನನ್ ಕೈಲಾಗಲ್ಲ. ಹೋಗಿ ಅವ್ರಿಗೆ ಹೇಳಿ." ಆಮೇಲೆ ಕಂಕುಳಲ್ಲಿದ್ದ ಮೂರನೇ ನಂಬರಿನ ಬಾಟಲಿಯನ್ನು ಕೊಟ್ಟ. ಅರ್ಧದಷ್ಟು ಉಳಿದಿತ್ತು. ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದ. "ಇಟ್ಕೊಳ್ಳಿ. ಯಾವತ್ತಾದ್ರೂ ಒಂದಿನ…" ಎಂದ. ಬಸ್ಸು ಬಂತು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತೊಡೆಯ ಮೇಲಿನ ಪೇಪರ್ ಸುತ್ತಿದ ಬಾಟಲಿ ನೋಡಿ, ನನ್ನ ಬಿಳಿ ಕೂದಲು ನೋಡಿ, ಎದ್ದು ಹಿಂದಿನ ಸೀಟಿಗೆ ಹೋದಳು. ನನ್ನಿಂದ ಎಂಥ ವಾಸನೆ ಬರುತ್ತಿತ್ತೋ ನನಗೆ ತಿಳಿಯುವ ದಾರಿ ಇರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನಾಗರತ್ನ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಪ್ಪಲಿ ಬಿಟ್ಟವನೇ ಎದುರಿಗೆ ಕೂತು, ಎಲ್ಲವನ್ನೂ ಹೇಳಿಬಿಟ್ಟೆ. ಕಾಫಿಪುಡಿಯ ಡಬ್ಬಿಯಿಂದ ಹಿಡಿದು ಚೀಟಿಯವರೆಗೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು.

"ಹಂಗಾದ್ರೆ ದಿನಾ ಊಟಕ್ಕೆ ಕೂತಾಗ ಹೇಳ್ತಿದ್ದಿದ್ದು?"

"ಸುಳ್ಳು."

"ಮಗಳು ಬಾಣಂತನಕ್ಕೆ ಬಂದಾಗ ಕೂಸಿನ ನೆತ್ತಿ ಮೂಸಿ, ಹಾಲಿನ ವಾಸನೆ ಅಂದ್ರಲ್ಲ?"

"ಅದೂ ಸುಳ್ಳೇ."

ಅವಳ ಕೈ ಆಗ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, "ಅದೇನದು ಬಾಟ್ಲಿ, ಮನೆಯೊಳಗೆ ತಂದಿದೀರಿ" ಎಂದು ಎತ್ತಿಕೊಂಡಳು. ಚೆಲ್ಲುವುದಕ್ಕೆಂದೇ ಎದ್ದಿದ್ದಳು. ಪ್ಲಾಸ್ಟಿಕ್ ಬಿಚ್ಚಿದವಳು ಬಚ್ಚಲಿನ ಕಡೆ ಎರಡು ಹೆಜ್ಜೆ ಹಾಕಿ ಅಲ್ಲೇ ನಿಂತಳು. ಬಾಟಲಿಯನ್ನು ಮೂಗಿನ ಹತ್ತಿರ ತಂದಳು. ಮೆಲ್ಲಗೆ ಬಂದು ಮತ್ತೆ ನೆಲದ ಮೇಲೆ ಕೂತಳು.

"ನೀವು ಮೊದಲನೇ ಪಾಳಿ ಮುಗಿಸಿ ಬರ್ತಿದ್ರಲ್ಲ" ಎಂದಳು. "ಬಾಗ್ಲಲ್ಲಿ ನಿಂತು ಅಂಗಿ ಬಿಚ್ಚಿ ಮೊಳೆಗೆ ಹಾಕ್ತಿದ್ರಿ. ಹಿಂಗೇ ಇರ್ತಿತ್ತು. ಮನೆಯೆಲ್ಲ ಹಿಂಗೇ ಆಗ್ತಿತ್ತು."

"ಹೆಂಗೆ? ಹೇಳು. ಹೆಂಗಿರ್ತಿತ್ತು?"

ಅವಳು ಬಹಳ ಹೊತ್ತು ಯೋಚಿಸಿದಳು. ನನಗಾಗಿ ನಿಜವಾಗಿ ಪ್ರಯತ್ನ ಪಟ್ಟಳು. ಕೊನೆಗೆ ತಲೆ ಅಲ್ಲಾಡಿಸಿದಳು.

"ಹೇಳಕ್ಕೆ ಬರಲ್ಲ ಕಣ್ರೀ. ನಿಮ್ಮ ವಾಸನೆ."

ಕಣ್ಣು ಮುಚ್ಚಿ ಮತ್ತೊಮ್ಮೆ ಬಾಟಲಿಯ ಬಾಯಿಗೆ ಮೂಗಿಟ್ಟಳು. ನಾನು ಅವಳ ಎದುರಿಗೇ ಕೂತಿದ್ದೆ.